ಕೆಂಪು ದಾರದ ಪಾನಾ

ಮೂರು ಸೈಕಲ್ಲುಗಳ ಒಡೆಯ ಎಂದು ಯಾರಾದರೂ ನನ್ನನ್ನು ಪರಿಚಯ ಮಾಡಿಕೊಟ್ಟರೆ ನನಗೆ ಎದೆ ಉಬ್ಬುವುದಿಲ್ಲ. ಒಂದು ಸೈಕಲ್ಲು ಇರುವವನು ಅದನ್ನು ತುಳಿದುಕೊಂಡು ಹೋಗುತ್ತಾನೆ. ಮೂರು ಇರುವವನು ಮೂರನ್ನೂ ಗೋಡೆಗೆ ಒರಗಿಸಿ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಒಂದು ನಟ್ಟು ಹುಡುಕುತ್ತಿರುತ್ತಾನೆ. ನನ್ನ ಸ್ವಭಾವ ಮೊದಲೇ ಪುಕ್ಕಲು. ಮಳೆ ಬಂದರೆ ಹೆಗಲ ಮೇಲಿನ ಸೀರೆ ಗಂಟು ನೆನೆದೀತೆಂದು ಭಯ, ಮಳೆ ಬಾರದಿದ್ದರೆ ಸೀರೆ ಕೊಳ್ಳುವವರೇ ಇಲ್ಲದಾದೀತೆಂದು ಭಯ. ಮನೆಯಿಂದ ಹೊರಟು ಬೀದಿಯ ಕೊನೆಗೆ ಹೋದ ಮೇಲೆ, ಬಾಗಿಲು ಮುಂದಕ್ಕೆ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬಂದು, ಒಳಗೆ ಹೆಂಡತಿ ಮಕ್ಕಳೆಲ್ಲ ಇರುವುದನ್ನು ಕಂಡು ನಾಚಿಕೊಂಡು ಮತ್ತೆ ಹೋದವನು ನಾನು. ಇಂಥ ಮನುಷ್ಯನ ಕೈಗೆ, ಎಲ್ಲಿ ಮುಟ್ಟಿದರೂ ಸಡಿಲಾಗುವ ಯಂತ್ರವನ್ನು ದೇವರು ಕೊಡಬಾರದಾಗಿತ್ತು. ಕೊಟ್ಟ, ಅದೂ ಮೂರು ಸಲ ಕೊಟ್ಟ.

ನಮ್ಮದು ಮೊಳಕಾಲ್ಮೂರಿನಲ್ಲಿ ನೇಯ್ಗೆಯ ಮನೆ. ನಾಯನ, ಅಂದರೆ ನನ್ನ ತಂದೆ, ರೇಷ್ಮೆ ಸೀರೆ ನೇಯುವವರು. ಮನೆಯಲ್ಲಿ ನಾವು ತಂದೆ ಮಕ್ಕಳು ಆಡುವುದು ತೆಲುಗು. ನನ್ನ ಹೆಂಡತಿ ಸುಬ್ಬಮ್ಮ ನಾಯಕನಹಟ್ಟಿ ಕಡೆಯವಳಾದ್ದರಿಂದ ಅವಳ ಸಿಟ್ಟೆಲ್ಲ ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಹನ್ನೆರಡನೆಯ ವಯಸ್ಸಿಗೆ ನಾಯನ ನನ್ನನ್ನೂ ಮಗ್ಗಕ್ಕೆ ಕೂರಿಸಿದರು. ಎಳೆ ಹರಿದೀತೆಂಬ ಭಯದಲ್ಲಿ ನಾನು ಅಡ್ಡ ಎಳೆ ಒಯ್ಯುವ ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಎಸೆಯುವ ಬದಲು ಕೈಯಲ್ಲಿ ಹಿಡಿದು, ಎದ್ದು, ಆ ಕಡೆಗೆ ಮುಟ್ಟಿಸಿ ಬರುತ್ತಿದ್ದೆ. ಎಂಟು ದಿನ ನೋಡಿದ ನಾಯನ, ‘ಅಬ್ಬಾಯಿ, ನೀನು ಮಾರೋಕೆ ಹೋಗು. ನೇಯೋದು ನಾನು ನೋಡ್ಕಂತೀನಿ’ ಅಂದರು. ಅಬ್ಬಾಯಿ ಅಂದರೆ ಹುಡುಗ; ಈಗಲೂ ಅವರು ನನ್ನನ್ನು ಕರೆಯುವುದು ಹಾಗೆಯೇ. ಬೈಯಲಿಲ್ಲ. ಅವರು ಬೈದಿದ್ದರೆ ಮರೆತುಬಿಡಬಹುದಿತ್ತು. ಅಂದಿನಿಂದ ನಾನು ಸೀರೆ ಹೊತ್ತು ಊರೂರು ತಿರುಗುವವನಾದೆ, ಮಗ್ಗದ ಕೋಣೆಯ ಕಡೆ ಕಾಲಿಡುವುದನ್ನು ಆದಷ್ಟು ತಪ್ಪಿಸಿಕೊಂಡೆ. ಚಳ್ಳಕೆರೆಗೆ ಮೋಟಾರು ಬಸ್ಸು ಬರಲು ಇನ್ನೂ ಎಷ್ಟೋ ವರ್ಷಗಳಿದ್ದ ಕಾಲ ಅದು. ಎತ್ತಿನ ಗಾಡಿ, ಇಲ್ಲದಿದ್ದರೆ ಕಾಲು. ಸೈಕಲ್ಲು ನನಗೆ ಬೇಕಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಮೂರು ಯಾಕೆ ಬೇಕಾಯಿತು ಎಂಬುದನ್ನು ಮಾತ್ರ ಸ್ವಲ್ಪ ವಿವರಿಸಬೇಕು.

ಮೊದಲನೆಯದನ್ನು ವರ್ಗವಾಗಿ ಹೊರಟಿದ್ದ ಸ್ಕೂಲು ಇನ್‌ಸ್ಪೆಕ್ಟರೊಬ್ಬರಿಂದ ಕೊಂಡೆ. ಎತ್ತರದ ಸೈಕಲ್ಲು, ಹತ್ತಲು ನನಗೆ ಕಟ್ಟೆ ಬೇಕು, ಇಳಿಯಲು ಇನ್ನೊಂದು ಕಟ್ಟೆ ಬೇಕು. ಅದರ ಪೆಡಲು ಮುರಿದಾಗ ಬಿಡಿಭಾಗ ಎಲ್ಲೂ ಸಿಗದೆ, ಬಳ್ಳಾರಿಯ ಹಳೆ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಸೈಕಲ್ಲನ್ನು, ಬರೀ ಭಾಗಗಳಿಗಾಗಿ ಎಂದು, ಗಾಡಿಯಲ್ಲಿ ಹಾಕಿಸಿಕೊಂಡು ಬಂದೆ. ಅದರ ಪೆಡಲು ಇದಕ್ಕೆ ಕೂರಲಿಲ್ಲ. ಕೂರದ ಮೇಲೆ ಅದನ್ನು ಸುಮ್ಮನೆ ಬಿಡಲು ಮನಸ್ಸಾಗದೆ ಒರೆಸಿದೆ, ಎಣ್ಣೆ ಹಾಕಿದೆ, ಇನ್‌ಸ್ಪೆಕ್ಟರ ಸೈಕಲ್ಲಿನ ಹಿಂದಿನ ಚಕ್ರ ತೆಗೆದು ಅದಕ್ಕೆ ಹಾಕಿ ನೋಡಿದೆ. ಓಡಿತು. ಆಗ ಇನ್‌ಸ್ಪೆಕ್ಟರದು ನಿಂತಿತು. ಮೂರನೆಯದು ನಮ್ಮ ಭಾವನದು. ನನ್ನ ಅಕ್ಕನನ್ನು ಚಳ್ಳಕೆರೆಯ ಕಂಬಳಿ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು. ಭಾವ ಒಂದು ಹೊಸ ಸೈಕಲ್ಲು ತಂದು, ಮೊದಲ ದಿನವೇ ಜಾಲಿ ಪೊದೆಗೆ ನುಗ್ಗಿಸಿ, ಮೈಯಿಂದ ಮುಳ್ಳು ತೆಗೆಸಿಕೊಳ್ಳುತ್ತಲೇ ‘ಇದನ್ನ ನಿನ್ನ ತಮ್ಮಂಗೆ ಕೊಟ್ಬಿಡು’ ಎಂದು ಅಕ್ಕನಿಗೆ ಹೇಳಿದರಂತೆ. ಹೀಗೆ ಮೂರಾದವು. ಯಾವ ಹೊತ್ತಿಗೆ ನೋಡಿದರೂ ಅವುಗಳಲ್ಲಿ ಒಂದು ಓಡುತ್ತಿರುತ್ತದೆ, ಒಂದು ಓಡಬಹುದಾದ ಸ್ಥಿತಿಯಲ್ಲಿರುತ್ತದೆ, ಇನ್ನೊಂದು ಆ ಎರಡಕ್ಕೂ ಅಂಗಾಂಗ ದಾನ ಮಾಡಿ ಬರೀ ಎಲುಬಾಗಿ ನಿಂತಿರುತ್ತದೆ.

ಸೈಕಲ್ಲು ಮೂರಾದರೆ ಕಷ್ಟ ಮೂರು ಪಟ್ಟು ಎಂದು ನೀವು ತಿಳಿದಿರಬಹುದು. ಅಲ್ಲ. ಇದರ ನಟ್ಟು ಅದಕ್ಕಾಗದು, ಅದರ ಪಾನಾ ಇದನ್ನು ಕಚ್ಚದು. ಪಾನಾ ಅಂದರೆ ನಟ್ಟು ತಿರುಗಿಸುವ ಕಬ್ಬಿಣದ ಹಿಡಿ. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಇರುತ್ತವೆ, ಬಾಯಿ ಮಾತ್ರ ಒಂದೊಂದರದು ಒಂದೊಂದು ಅಳತೆ. ಹಾಗಾಗಿ ಸಾಮಾನುಗಳನ್ನು ವ್ಯವಸ್ಥೆಯಾಗಿ ಇಡಬೇಕೆಂದು ತೀರ್ಮಾನಿಸಿದೆ. ಮೊದಲು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಒಂದೊಂದು ಸಾಮಾನನ್ನೂ ನೇತುಹಾಕಿ, ಯಾವುದು ಎಲ್ಲಿ ಎಂದು ಮರೆಯದಿರಲು ಅದರ ಸುತ್ತ ದೀಪದ ಮಸಿಯಿಂದ ಗೆರೆ ಎಳೆದೆ. ಸಾಮಾನು ತೆಗೆದರೆ ಗೋಡೆಯ ಮೇಲೆ ಅದರ ಕಪ್ಪು ಆಕಾರ ಉಳಿಯಬೇಕು. ಪಕ್ಕದ ಮನೆಯವರು ಒಂದು ವಾರ ನಮ್ಮ ಮನೆಗೆ ಬರಲಿಲ್ಲ; ಯಾರಿಗೋ ಮಾಟ ಮಾಡಿಸುತ್ತಿದ್ದೇವೆಂದು ತಿಳಿದಿದ್ದರಂತೆ. ಆಮೇಲೆ ಯಾವುದು ಯಾವ ಸೈಕಲ್ಲಿನದು ಎಂದು ತಿಳಿಯಲು, ಮಗ್ಗದ ಬುಟ್ಟಿಯಲ್ಲಿ ಉಳಿದ ತುಂಡು ರೇಷ್ಮೆ ದಾರ ಕಟ್ಟಿದೆ. ಇನ್‌ಸ್ಪೆಕ್ಟರದಕ್ಕೆ ಕೆಂಪು, ಬಳ್ಳಾರಿಯದಕ್ಕೆ ಹಳದಿ, ಭಾವನದಕ್ಕೆ ಹಸಿರು. ನೇಯ್ಗೆಯವನ ಮಗನಿಗೆ ಬಣ್ಣ ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ಲ.

ಇದನ್ನೆಲ್ಲ ಮಾಡಿಯೂ ನೆಮ್ಮದಿ ಬರಲಿಲ್ಲ. ಒಮ್ಮೆ ಸಿದ್ದಾಪುರದ ದಾರಿಯಲ್ಲಿ ಟ್ಯೂಬಿಗೆ ಮುಳ್ಳು ಹೊಕ್ಕು ಇಳಿದೆ. ಒಂದು ಹಾಸುಬಂಡೆಯ ಮೇಲೆ ಟವೆಲು ಹಾಸಿ ನನ್ನ ಸಾಮಾನುಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ಕೋಲೂರಿ ನಿಂತ. ಪಂಚರು ಹಾಕಿ ಮುಗಿಸಿ, ಸಾಮಾನು ಎತ್ತಿಡುವಾಗ ನಾನು ಒಂದೊಂದನ್ನೇ ಮುಟ್ಟಿ ಎಣಿಸುತ್ತಿದ್ದೆ, ನಡುವೆ ತಪ್ಪುತ್ತಿದ್ದೆ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಮುದುಕ ಟವೆಲಿನ ಕಡೆ ಒಂದು ಸಲ ಕಣ್ಣು ಹಾಯಿಸಿ, ‘ಒಂದು ಕಮ್ಮಿ ಐತೆ ಸ್ವಾಮಿ. ಮೂತಿ ಸೊಟ್ಟ ಇತ್ತಲ್ಲ, ಅದು ಇಲ್ಲ’ ಅಂದ. ನಿಜ. ಮೂತಿ ಸೊಟ್ಟದ್ದು ನನ್ನ ಮೊಣಕಾಲಿನ ಕೆಳಗೇ ಇತ್ತು. ಅವನು ಸೈಕಲ್ಲನ್ನು ನೋಡಿದ್ದು ಅದೇ ಮೊದಲು. ‘ನಿಮಗೆ ಹೆಂಗೆ ಗೊತ್ತಾತು?’ ಅಂದೆ. ‘ನಾನು ಎಣಸಲ್ಲ ಸ್ವಾಮಿ. ಎಲ್ಲಾರ ಮಖ ನೋಡ್ತೀನಿ’ ಅಂದ. ಅವತ್ತು ಮನೆಗೆ ಬಂದು ನಾನೂ ಗೋಡೆಯ ಮುಂದೆ ಬಹಳ ಹೊತ್ತು ನಿಂತು ಎಲ್ಲ ಪಾನಾಗಳ ಮುಖ ನೋಡಿದೆ. ಅವು ನನ್ನ ಮುಖವನ್ನು ನೋಡಿದವೇ ಹೊರತು ನನಗೆ ಏನೂ ತಿಳಿಯಲಿಲ್ಲ.

ಆ ವರ್ಷ ಯುಗಾದಿಯ ದಿನ ನನಗೆ ಹೊಸ ಬುದ್ಧಿ ಹುಟ್ಟಿತು. ಬಣ್ಣ ಸೈಕಲ್ಲಿಗಲ್ಲ, ಜಾಗಕ್ಕೆ ಕಟ್ಟಬೇಕು: ಹಿಂದಿನ ಚಕ್ರಕ್ಕೆ ಬೇಕಾದದ್ದೆಲ್ಲ ಕೆಂಪು, ಮುಂದಿನದಕ್ಕೆ ಹಳದಿ, ಹ್ಯಾಂಡಲು ಬ್ರೇಕಿಗೆ ಹಸಿರು. ಎಂಥ ಸುಲಭ ಎಂದು ಹಿಗ್ಗಿ ಹಳೆಯ ದಾರ ಬಿಚ್ಚಿ ಹೊಸದು ಕಟ್ಟತೊಡಗಿದೆ. ಅರ್ಧ ಆಗುವಷ್ಟರಲ್ಲಿ ಬೇವು ಬೆಲ್ಲಕ್ಕೆ ಕರೆದರು. ಉಳಿದರ್ಧವನ್ನು ಮಾರನೆಯ ದಿನ ಮಾಡಿದರಾಯಿತು ಎಂದುಕೊಂಡೆ. ಯಾವ ಅರ್ಧ ಆಗಿದೆ ಎಂಬುದು ಮಾರನೆಯ ದಿನ ನನಗೆ ನೆನಪಿರಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಈಗ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಅದಾದ ಕೆಲವೇ ದಿನಗಳಲ್ಲಿ ಗೋಡೆಯ ಮೇಲಿನ ಸಾಮಾನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನಾನು ನಾಯಕನಹಟ್ಟಿಗೆ ಹೋಗಿ ಬರುವಷ್ಟರಲ್ಲಿ ದೊಡ್ಡ ಪಾನಾ ಇಲ್ಲ. ಬಿ.ಜಿ. ಕೆರೆಗೆ ಹೋಗಿ ಬಂದರೆ ಹಳೆಯ ಚೈನು ಇಲ್ಲ. ಒಂದು ದಿನ ಹಲ್ಲು ಚಕ್ರ, ಇನ್ನೊಂದು ದಿನ ಡಬ್ಬಿಯಲ್ಲಿದ್ದ ಸಣ್ಣ ಉಕ್ಕಿನ ಗುಂಡುಗಳಲ್ಲಿ ಒಂದು ಹಿಡಿ. ವಾರ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಉಳಿದದ್ದು ಮೊಳೆ ಮತ್ತು ಮಸಿ. ಗುಜರಿಯವನನ್ನು ಸಂಶಯಿಸಿದೆ, ಪಕ್ಕದ ಮನೆಯವರನ್ನು ಸಂಶಯಿಸಿದೆ, ಕೊನೆಗೆ ಬುದ್ಧಿಗೇಡಿಯಂತೆ ಸುಬ್ಬಮ್ಮನನ್ನು ‘ನೀನೇನಾದ್ರೂ ತಗಂಡೆಯಾ?’ ಎಂದು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿ, ‘ನಾನು ತಗಂಡಿಲ್ಲ’ ಅಂದಳು. ಅಷ್ಟೇ. ಆಮೇಲೆ ಮೂರು ವಾರ ಆ ಮಾತೇ ಎತ್ತಲಿಲ್ಲ. ನಾಯನನನ್ನು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಗೋಡೆಯನ್ನು ಅವರು ಕಣ್ಣೆತ್ತಿಯೂ ನೋಡಿದವರಲ್ಲ ಎಂದುಕೊಂಡಿದ್ದೆ.

ಆ ಮೂರು ವಾರ ನನಗೆ ಊರು ಸುತ್ತುವ ಕೆಲಸವೂ ಇರಲಿಲ್ಲ, ಯಾಕೆಂದರೆ ಅಕ್ಕನ ಮಗಳು ಪದ್ಮಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಒಂದು ಪದ್ಧತಿ. ಮದುವೆಗೆ ನಾಲ್ಕು ದಿನ ಮೊದಲು, ಚಪ್ಪರ ಹಾಕಿದ ಸಂಜೆ, ಸೋದರಮಾವನ ಸೀರೆ ಬರಬೇಕು. ಅದನ್ನು ಅವನೇ ಕೈಯಾರೆ ತಂದು ಕೊಡಬೇಕು, ಅದನ್ನು ಉಡಿಸಿ ಹೆಣ್ಣಿಗೆ ಮೊದಲ ಅರಿಶಿನ ಹಚ್ಚಬೇಕು. ಸೀರೆ ದೀಪ ಹಚ್ಚುವ ಹೊತ್ತಿಗೆ ಬಾರದಿದ್ದರೆ ಶಾಸ್ತ್ರ ನಿಲ್ಲುತ್ತದೆ. ಹೆಣ್ಣಿನ ತಾಯಿಗೆ ತವರು ಗಟ್ಟಿಯಿಲ್ಲ ಎಂಬ ಮಾತು ಬೀಗರ ಬಾಯಿಗೆ ಸಿಗುತ್ತದೆ. ಗಂಡಿನ ತಾಯಿ ಬೇರೆ, ಸೀರೆಯ ಎಳೆ ಎಳೆಯನ್ನೂ ತೂಗಿ ನೋಡುವವರೆಂದು ಹೆಸರಾದವರು. ಅಕ್ಕ ಹೇಳಿಕಳಿಸಿದ್ದಳು: ‘ನನ್ನ ಮಾನ ನಿನ್ನ ಸೈಕಲ್ ಮೇಲೆ ಐತೆ ಕಣಪ್ಪ. ಹೊತ್ತಿಗೆ ಸರಿಯಾಗಿ ಬಾ.’ ಯಾರ ಮಾನವೂ ನನ್ನ ಸೈಕಲ್ಲಿನ ಮೇಲೆ ಇರುವುದು ನನಗೆ ಇಷ್ಟವಿಲ್ಲ, ಅದರಲ್ಲೂ ಅಕ್ಕನ ಮಾನ. ತಾಯಿ ಇಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

ಸೀರೆಯನ್ನು ನಾಯನನೇ ನೇಯುತ್ತಿದ್ದರು. ಮೊಮ್ಮಗಳ ಸೀರೆಯೆಂದು ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ನೇಯದೆ, ಉಳಿದ ಹೊತ್ತೆಲ್ಲ ನೇಯ್ದದ್ದನ್ನು ಸವರಿ ನೋಡುತ್ತ, ಚಪ್ಪರದ ದಿನ ಬೆಳಗಾದರೂ ಇನ್ನೂ ಎರಡು ಗೇಣು ಉಳಿಸಿಕೊಂಡಿದ್ದರು. ಎರಡು ಗೇಣು ಮುಗಿಸಿ ಮಗ್ಗದಿಂದ ಕೊಯ್ದು ಕೊಡುವುದು, ನಾನು ಉಟ್ಟ ಬಟ್ಟೆಯಲ್ಲೇ ಸೈಕಲ್ಲು ಹತ್ತಿ ಚಳ್ಳಕೆರೆಗೆ ಓಡುವುದು, ಉಳಿದವರೆಲ್ಲ ಎರಡು ದಿನ ಬಿಟ್ಟು ಗಾಡಿಯಲ್ಲಿ ಬರುವುದು ಎಂದು ಮಾತಾಗಿತ್ತು. ಗಾಡಿಯಲ್ಲಿ ಹೋದರೆ ನನಗೆ ಸಂಜೆಗೆ ಮುಟ್ಟಲು ಸಾಧ್ಯವಿರಲಿಲ್ಲ. ನಾನು ಬೆಳಗ್ಗೆಯೇ ಎದ್ದು, ಓಡುವ ಸ್ಥಿತಿಯಲ್ಲಿದ್ದ ಇನ್‌ಸ್ಪೆಕ್ಟರ ಸೈಕಲ್ಲನ್ನು ಅಂಗಳಕ್ಕೆ ತಂದು ಹಿಂದಿನ ಚಕ್ರ ಅಲ್ಲಾಡಿಸಿ ನೋಡಿದೆ. ಅಲ್ಲಾಡಿತು. ಅಲ್ಲಾಡಬಾರದಾಗಿತ್ತು. ನಟ್ಟು ಸಡಿಲಾಗಿ ಚಕ್ರ ಒಂದು ಕಡೆಗೆ ವಾಲಿ, ಚೈನು ಜೋತುಬಿದ್ದಿತ್ತು. ಬೇಕಾಗಿದ್ದದ್ದು ಒಂದು ಪಾನಾ, ಒಂದೇ ಒಂದು ಸುತ್ತು. ಗೋಡೆಯ ಹತ್ತಿರ ಹೋಗಿ ಆ ಪಾನಾದ ಮಸಿಯ ಆಕಾರದ ಮುಂದೆ ನಿಂತುಕೊಂಡೆ. ನನಗೆ ಅಳು ಬಂತೆಂದು ಹೇಳಲು ಈಗ ಸಂಕೋಚವಿಲ್ಲ.

ಸುಬ್ಬಮ್ಮ ಹಿಂದಿನಿಂದ ಬಂದು, ‘ಅದು ಮಗ್ಗದ ಕೆಳಗೆ ಐತೆ’ ಅಂದಳು.

‘ಯಾವುದು?’

‘ಎಲ್ಲಾನೂ. ಮಾವ ತಗಂಡೋಗಿ ಮಗ್ಗಕ್ಕೆ ಕಟ್ಯಾರೆ.’

‘ಮೂರು ವಾರದಿಂದ ಹುಡುಕ್ತಾ ಇದೀನಿ. ನೀನು ಹೇಳಬಾರದಾಗಿತ್ತಾ?’

‘ನೀನೇನಾದ್ರೂ ತಗಂಡೆಯಾ ಅಂತ ಕೇಳಿದ್ರಿ. ನಾನು ತಗಂಡಿಲ್ಲ ಅಂದೆ. ಯಾರು ತಗಂಡ್ರು ಅಂತ ಯಾವಾಗ ಕೇಳಿದ್ರಿ?’

ಓಡಿಹೋಗಿ ಮಗ್ಗದ ಕೋಣೆಯಲ್ಲಿ ಬಗ್ಗಿ ನೋಡಿದೆ. ಮಗ್ಗ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಸೀರೆಯ ಅಂಚಿನ ಎಳೆಗಳು ಮೈಯ ಎಳೆಗಳ ಜೊತೆ ಇರುವುದಿಲ್ಲ, ಬೇರೆಯಾಗಿ ಬರುತ್ತವೆ. ಅವಕ್ಕೆ ಹಿಂದೆ ಹಗ್ಗ ಹಾಕಿ, ಈ ಅಂಚಿಗೊಂದು ಆ ಅಂಚಿಗೊಂದು ತೂಕದ ಚೀಲ ಇಳಿಬಿಟ್ಟು ಬಿಗಿ ಹಿಡಿಸುತ್ತಾರೆ. ಎರಡೂ ಸಮವಾಗಿದ್ದರೆ ಅಂಚು ನೇರ. ಒಂದು ತುಸು ಹೆಚ್ಚಾದರೂ ಸುಕ್ಕು. ನಾಯನನ ಹಳೆಯ ಮರಳಿನ ಚೀಲಗಳನ್ನು ಇಲಿ ಕಡಿದು ಮರಳು ಸೋರಿಹೋಗಿತ್ತು. ಸೋರದ ತೂಕ ಬೇಕೆಂದು ಅವರು ಮನೆಯೆಲ್ಲ ನೋಡಿ, ಕೊನೆಗೆ ನನ್ನ ಗೋಡೆಯ ಹತ್ತಿರ ಬಂದಿದ್ದರು. ಒಂದೊಂದನ್ನೇ ಅಂಗೈಯಲ್ಲಿ ಆಡಿಸಿ, ಈ ಚೀಲಕ್ಕೆ ಎರಡು ಪಾನಾ ಮತ್ತು ಚೈನು, ಆ ಚೀಲಕ್ಕೆ ಒಂದು ಪಾನಾ ಮತ್ತು ಹಲ್ಲು ಚಕ್ರ, ಕೊನೆಯ ಚೂರು ಸಮ ಮಾಡಲು ಸಣ್ಣ ಗುಂಡುಗಳು ಎಂದು ಹಂಚಿದ್ದರು. ನಾನು ವರ್ಷಗಟ್ಟಲೆ ಮೊಳೆ, ಮಸಿ, ದಾರಗಳಿಂದ ಸಾಧಿಸಲಾಗದ ವ್ಯವಸ್ಥೆಯನ್ನು ನಾಯನ ಎರಡು ಚೀಲಗಳಲ್ಲಿ ಮಾಡಿ ಮುಗಿಸಿದ್ದರು. ಅಂಥ ಸಂಕಟದಲ್ಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

‘ನಾಯನಾ, ಆ ಪಾನಾ ಬೇಕು. ಚಕ್ರ ಸಡಿಲಾಗೈತೆ’ ಅಂದೆ.

‘ಸೀರೆ ಮುಗೀಲಿ’ ಅಂದರು. ಕಣ್ಣು ಮಗ್ಗದ ಮೇಲೇ ಇತ್ತು.

‘ಈಗ್ಲೇ ಬೇಕು. ಸರಿ ಮಾಡೋಕೆ ಹೊತ್ತಾಗ್ತೈತೆ, ಸಂಜೆಗೆ ಮುಟ್ಟಬೇಕಲ್ಲ.’

‘ಈಗ ತೆಗೆದ್ರೆ ಅಂಚು ಕೆಡ್ತೈತೆ. ನಿನ್ನ ಸೈಕಲ್ಲಿಗೆ ನನ್ನ ಸೀರೆ ಕೆಡಿಸಲ್ಲ.’

ಸೀರೆ ಕೆಡದೆ ಇರಬೇಕಾದರೆ ಪಾನಾ ಮಗ್ಗದಲ್ಲಿರಬೇಕು. ಸೀರೆ ಹೊತ್ತಿಗೆ ಮುಟ್ಟಬೇಕಾದರೆ ಪಾನಾ ಸೈಕಲ್ಲಿನ ಹತ್ತಿರ ಇರಬೇಕು. ನಾನು ಅಂಗಳಕ್ಕೂ ಮಗ್ಗದ ಕೋಣೆಗೂ ನಡುವೆ ಓಡಾಡುತ್ತ, ನೆರಳು ಎಷ್ಟು ಗಿಡ್ಡವಾಯಿತು ಎಂದು ನೋಡುತ್ತ ಇದ್ದೆ. ನೇಯ್ಗೆ ಇನ್ನೂ ನಾಲ್ಕು ಬೆರಳಿನಷ್ಟೂ ಮುಂದುವರಿದಿರಲಿಲ್ಲ. ಲಾಳಿಯ ಸದ್ದು ಎಂದಿನಂತೆಯೇ, ಅವಸರವಿಲ್ಲದೆ, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕೇಳುತ್ತಿತ್ತು. ಅಕ್ಕ ಚಪ್ಪರದ ಕೆಳಗೆ ನಿಂತು ಮೊಳಕಾಲ್ಮೂರಿನ ದಾರಿ ನೋಡುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಸುಬ್ಬಮ್ಮ ನಾಯನನನ್ನು ಅಂಬಲಿ ಕುಡಿಯಲು ಕರೆದಳು. ಅವರು ಎದ್ದು, ಕಾಲು ಜಾಡಿಸಿ, ಕೈ ತೊಳೆಯಲು ಹಿತ್ತಿಲಿಗೆ ಹೋದರು.

ಆಮೇಲೆ ನಾನು ಮಾಡಿದ್ದನ್ನು ಎಷ್ಟು ಬೇಗ ಹೇಳಿ ಮುಗಿಸಿದರೆ ಅಷ್ಟು ಒಳ್ಳೆಯದು. ಮಗ್ಗದ ಕೆಳಗೆ ನುಸುಳಿದೆ. ಎಡಗಡೆಯ ಚೀಲವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ತಡಕಾಡಿದೆ. ಕೆಂಪು ದಾರ ಕಟ್ಟಿದ ಪಾನಾ ಕಾಣಿಸಿತು. ಹಿಂದಿನ ಚಕ್ರ, ಕೆಂಪು. ಇನ್‌ಸ್ಪೆಕ್ಟರ ಸೈಕಲ್ಲು, ಅದೂ ಕೆಂಪು. ಹಳೆಯ ಲೆಕ್ಕ, ಹೊಸ ಲೆಕ್ಕ, ಎರಡು ಬಗೆಯಲ್ಲಿ ಓದಿದರೂ ಸರಿಯಾಗುವುದು ಅದೊಂದೇ; ನನ್ನ ಜೀವಮಾನದ ವ್ಯವಸ್ಥೆ ಅಂದು ಫಲ ಕೊಟ್ಟಿತೆಂದೇ ತಿಳಿದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದಿಂದ ತಂದಿದ್ದ ಒಂದು ಕಲ್ಲನ್ನು, ನಾಯನನ ಹಾಗೆಯೇ ಅಂಗೈಯಲ್ಲಿ ಆಡಿಸಿ, ಗೊತ್ತಿದ್ದವನಂತೆ ತಲೆದೂಗಿ, ಚೀಲದೊಳಗೆ ಹಾಕಿದೆ. ನಾನು ಹೊರಬರುವುದಕ್ಕೂ ನಾಯನ ಬಾಯಿ ಒರೆಸುತ್ತ ಬಂದು ಮಗ್ಗಕ್ಕೆ ಕೂರುವುದಕ್ಕೂ ಸರಿಹೋಯಿತು. ಲಾಳಿ ಎರಡು ಸಲ ಹೋಗಿ ಬಂತು. ಆಮೇಲೆ ತುಸು ಹೊತ್ತು ನಿಂತಿತು. ಮತ್ತೆ ಲಾಳಿ ಓಡತೊಡಗಿದಾಗ ಬದುಕಿದೆನೆಂದುಕೊಂಡು ಅಂಗಳಕ್ಕೆ ಹೋದೆ.

ಪಾನಾವನ್ನು ನಟ್ಟಿಗೆ ಹಚ್ಚಿದೆ. ಕೂರಲಿಲ್ಲ. ಬಾಯಿ ದೊಡ್ಡದು, ನಟ್ಟಿನ ಸುತ್ತ ಸುಮ್ಮನೆ ಗಿರಗಿರ ತಿರುಗಿತು. ಅದು ಇನ್‌ಸ್ಪೆಕ್ಟರದಲ್ಲ, ಯುಗಾದಿಯ ಬೆಳಗ್ಗೆ ಹಿಂದಿನ ಚಕ್ರದ್ದೆಂದು ನಾನೇ ದಾರ ಬದಲಿಸಿ ಕೆಂಪು ಕಟ್ಟಿದ್ದ ಬೇರೆ ಯಾವುದೋ ಸೈಕಲ್ಲಿನದು. ವಾಪಸು ಇಡೋಣವೆಂದರೆ ನಾಯನ ಮಗ್ಗದ ಮೇಲಿದ್ದಾರೆ. ಆ ಕ್ಷಣದಲ್ಲಿ ನನ್ನ ಮೇಲೆ ನನಗೇ ಹುಟ್ಟಿದ ಅಸಹ್ಯವನ್ನು ಇಂದೂ ಮರೆತಿಲ್ಲ. ಸುಬ್ಬಮ್ಮ ನನ್ನನ್ನೂ, ಚಕ್ರವನ್ನೂ ನೋಡಿ, ‘ಮಗ್ಗದ ಗೂಟ ಸಡಿಲಾದ್ರೆ ಮಾವ ದಾರ ಸುತ್ತಿ ಬಡೀತಾರಲ್ಲ, ಹಂಗೆ ಮಾಡ್ರಿ’ ಅಂದಳು. ನಟ್ಟು ಬಿಚ್ಚಿ, ತುಂಡು ರೇಷ್ಮೆಯನ್ನು ಅದು ಕೂರುವ ಅಚ್ಚಿನ ತಿರುಪಿಗೆ ಬಿಗಿಯಾಗಿ ಸುತ್ತಿ, ಅಡಿಗೆ ಮನೆಯ ಇಕ್ಕಳದಿಂದ ಹಿಡಿದು ತಿರುಗಿಸಿದೆವು. ಕಚ್ಚಿ ಕೂತಿತು. ಅಷ್ಟು ಸುಲಭವಾಗಿತ್ತು. ಪಾನಾ ಬೇಕೇ ಆಗಿರಲಿಲ್ಲ.

ಸೀರೆ ಕೊಯ್ದು ಮಡಿಸಿ ಕೊಟ್ಟಾಗ ನಾಯನ ‘ಹುಷಾರಾಗಿ ಹೋಗು’ ಅಂದರು. ಎಂದಿನಂತೆ ಸೀರೆಯ ಕೊನೆಯನ್ನು ಸವರಿ ನೋಡದೆ ಹಾಗೆಯೇ ಕೊಟ್ಟದ್ದು ನನಗೆ ಆಗ ಹೊಳೆಯಲಿಲ್ಲ. ಬಿ.ಜಿ. ಕೆರೆ ದಾಟುವವರೆಗೆ ಚಕ್ರದ ಭಯ. ದಾಟಿದ ಮೇಲೆ ಸೊಂಟದಲ್ಲಿದ್ದ ಪಾನಾದ ಭಯ. ಒಂದೊಂದು ತುಳಿತಕ್ಕೂ ಅದು ಪಕ್ಕೆಗೆ ಚುಚ್ಚುತ್ತಿತ್ತು. ಅದನ್ನು ಸೀರೆ ಇಟ್ಟುಕೊಂಡಿದ್ದ ಚೀಲಕ್ಕೆ ಹಾಕಬಹುದಿತ್ತು. ಸೀರೆಯ ಜೊತೆ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ. ತಳಕಿನ ಹತ್ತಿರ ಒಂದು ಮರದ ನೆರಳಿನಲ್ಲಿ ಇಳಿದು, ಹೆದರುತ್ತ ಹೆದರುತ್ತ ಸೀರೆಯ ಕೊನೆ ಬಿಡಿಸಿದೆ. ಎಡ ಅಂಚಿನಲ್ಲಿ ಹತ್ತಿರ ಹತ್ತಿರ ಎರಡು ಗೇಣು, ನೀರಿನ ಮೇಲೆ ಗಾಳಿ ಬೀಸಿದಂತೆ ಸಣ್ಣ ಸುಕ್ಕು. ಅಷ್ಟು ಉದ್ದದ ಸೀರೆಯಲ್ಲಿ ಬೇರೆಲ್ಲೂ ಒಂದು ಎಳೆ ಆಚೀಚೆ ಇರಲಿಲ್ಲ. ನಾಯನನ ಮಗ್ಗದಿಂದ ಸುಕ್ಕು ಇರುವ ಅಂಚು ಹೊರಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚಳ್ಳಕೆರೆ ಮುಟ್ಟಿದಾಗ ಇನ್ನೂ ದೀಪ ಹಚ್ಚಿರಲಿಲ್ಲ. ಅಕ್ಕ ನಾನು ನೆನೆದಂತೆಯೇ ಚಪ್ಪರದ ಕೆಳಗೆ ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು. ಕೈ ಕಾಲು ತೊಳೆದು, ತಟ್ಟೆಯಲ್ಲಿ ಸೀರೆ ಇಟ್ಟು ಕೊಟ್ಟೆ. ಶಾಸ್ತ್ರಕ್ಕೆ ಬಂದಿದ್ದ ಗಂಡಿನ ತಾಯಿ ಕೂತಲ್ಲಿಂದಲೇ ಕೈ ಚಾಚಿ ಸೆರಗನ್ನು ಬಿಡಿಸಿ, ಬೆಳಕಿಗೆ ಹಿಡಿದು, ಜರಿ ಉಜ್ಜಿ, ‘ಕೆಲಸ ಅಂದ್ರೆ ಇದು’ ಅಂದರು. ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು. ನೇಯ್ಗೆಯವನ ಮಗಳಲ್ಲವೇ, ಮಾತಾಡುತ್ತಲೇ ಅವಳ ಹೆಬ್ಬೆರಳು ಅಂಚಿನ ಮೇಲೆ ಸವರುತ್ತಿತ್ತು. ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂತು.

ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು, ‘ಈ ತುದಿ ನೇಯೋವಾಗ ನಾಯನ ಎದ್ದೋಗಿದ್ರಾ?’

‘ಅಂಬಲಿ ಕುಡಿಯೋಕೆ’ ಅಂದೆ.

‘ಯಾರೋ ತೂಕ ಮುಟ್ಯಾರೆ.’

ನನ್ನ ಮುಖ ನೋಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಹೀಗೇ. ‘ಒಳಗೆ ಸಿಗಿಸೋ ತುದಿ, ಬಿಡು. ಯಾರಿಗೂ ಕಾಣಲ್ಲ’ ಎಂದು ಆ ತುದಿಯನ್ನು ತಾನೇ ಪದ್ಮಳ ಸೊಂಟಕ್ಕೆ ಮೊದಲು ಸಿಕ್ಕಿಸಿ, ಅದರ ಮೇಲೆ ಎರಡು ಸುತ್ತು ಸುತ್ತಿ ಉಡಿಸಿದಳು. ಹುಡುಗಿ ಆ ಸೀರೆಯಲ್ಲಿ ಅರಿಶಿನಕ್ಕೆ ಕೂತಾಗ ಎಲ್ಲರೂ ಕಣ್ತುಂಬ ನೋಡಿದರು. ನಾನು ಮಾತ್ರ ಅವಳ ಸೊಂಟದ ಎಡಭಾಗವನ್ನೇ ನೋಡುತ್ತ ಕೂತಿದ್ದೆ, ಭಾವ ಬಂದು ‘ಹಸಿವೇನೋ’ ಎಂದು ಎಬ್ಬಿಸುವ ತನಕ.

ಮನೆಯವರನ್ನು ಗಾಡಿಯಲ್ಲಿ ಕರೆತರಲು ಮಾರನೆಯ ದಿನ ವಾಪಸು ಹೊರಟೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿದೆ. ‘ನಾಯನಾ, ನಿಮ್ಮ ಕೈಗೆ ಯಾವತ್ತೂ ಬಾರದ ಕೆಟ್ಟ ಹೆಸರು ನನ್ನಿಂದ ಬಂತು’ ಎಂಬುದರಿಂದ ಆರಂಭಿಸಬೇಕೆಂದು ಗೊತ್ತು ಮಾಡಿಕೊಂಡೆ. ಮನೆಗೆ ಬಂದರೆ ನಾಯನ ಮಗ್ಗದಲ್ಲಿದ್ದರು. ಮಗ್ಗ ಬರಿದು ಬಿಟ್ಟು ಮದುವೆಗೆ ಹೋಗುವವರಲ್ಲ. ಹಳೆಯ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ, ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಅವರು ತಲೆ ಎತ್ತದೆ ನನ್ನ ಕಡೆಗೆ ಅಂಗೈ ಚಾಚಿ, ‘ಕೊಡು’ ಅಂದರು. ಸೊಂಟದಿಂದ ಪಾನಾ ತೆಗೆದು ಕೊಟ್ಟೆ. ಬಗ್ಗಿ ಎಡಗಡೆಯ ಚೀಲದಿಂದ ಕಲ್ಲನ್ನು ತೆಗೆದು ಬದಿಗಿಟ್ಟು, ಪಾನಾ ಹಾಕಿ, ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿದರು.

‘ನಿಮಗೆ ಆಗ್ಲೇ ಗೊತ್ತಾತಾ?’ ಅಂದೆ.

‘ಲಾಳಿ ಎರಡು ಸಲ ಹೋಗಿ ಬಂದ ಮೇಲೆ ಗೊತ್ತಾತು.’

‘ಮತ್ತೆ ಯಾಕೆ ನಿಲ್ಲಿಸಲಿಲ್ಲ?’

ನಾಯನ ಇನ್ನೊಂದು ಎಳೆ ಹೊಸೆದರು. ‘ಎದ್ದು ಸರಿ ಮಾಡೋಕೆ ಹೊತ್ತಾಗ್ತಿತ್ತು. ನೀನು ಅಂಗಳದಾಗೆ ಹೆಂಗೆ ಓಡಾಡ್ತಿದ್ದೆ ಅಂತ ಕಾಣಿಸ್ತಿತ್ತು. ಸುಕ್ಕು ಬಂದ್ರೆ ಬರ್ಲಿ, ಅಬ್ಬಾಯಿ ಹೊತ್ತಿಗೆ ಹೋಗ್ಲಿ ಅಂತ ನೇಯ್ದೆ.’

ಒಂದು ಎಳೆಯನ್ನೂ ಯಾರಿಗಾಗಿಯೂ ಬಿಟ್ಟುಕೊಡದ ಮನುಷ್ಯ ನನ್ನ ಹೆದರಿಕೆಗಾಗಿ, ಕಣ್ಣಾರೆ ನೋಡುತ್ತ, ತನ್ನ ಮೊಮ್ಮಗಳ ಸೀರೆಯ ಎರಡು ಗೇಣನ್ನು ಕೆಡಿಸಿಕೊಂಡಿದ್ದರು. ಹೋಗಿ ಕಾಲು ಮುಟ್ಟಬೇಕಾಗಿತ್ತು. ತಳಕಿನಿಂದ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದನ್ನಾದರೂ ಆಡಬೇಕಾಗಿತ್ತು. ಬಾಯಿ ತೆರೆದೆ. ನನ್ನ ಸ್ವಭಾವಕ್ಕೆ ಏನು ಹೇಳಲಿ, ಬರುವ ದಾರಿಯಲ್ಲಿ ಬ್ರೇಕು ಕಿರುಗುಟ್ಟಿದ್ದು ಅದೇ ಗಳಿಗೆಯಲ್ಲಿ ನೆನಪಾಯಿತು.

‘ನಾಯನಾ,’ ಅಂದೆ, ‘ಆ ಬಲಗಡೆ ಚೀಲದಾಗೆ ಹಸಿರು ದಾರದ ಪಾನಾ ಏನಾದ್ರೂ ಐತಾ?’

ನಾಯನ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಹೊಸ ಹಾಸಿನ ಎಳೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

‘ಐತೆ. ಈ ಸೀರೆ ಮುಗೀಲಿ’ ಅಂದರು.